ಯಾಕಮ್ಮ ಮತ್ತು ಎಡಕ್ಕೆ ವಾಲುವ ದೋಣಿ

ಹಳೆಯ ಹಾಯಿದೋಣಿಗಳನ್ನು ರಿಪೇರಿ ಮಾಡುವ ಆ ಯಾರ್ಡಿನಲ್ಲಿ ಅವಳ ಅಸಲಿ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವಳು ಯಾಕಮ್ಮ. ಚಿಕ್ಕವಳಿದ್ದಾಗ ಸೋದರಮಾವನ ಶೆಡ್ಡಿನಲ್ಲಿ ಉಳಿ, ಸುತ್ತಿಗೆ ಎತ್ತಿಕೊಡುತ್ತಲೇ "ಇದು ಯಾಕೆ ಇಲ್ಲಿದೆ? ಅದು ಯಾಕೆ ಹಾಗಿದೆ?" ಎಂದು ಕೇಳಿ ಕೇಳಿ ಮಾವನ ತಲೆ ತಿನ್ನುತ್ತಿದ್ದಳಂತೆ. ಮಾವ ರೇಗಿ ಇಟ್ಟ ಹೆಸರು ಅದು. ಮಾವ ಹೋದರೂ ಹೆಸರು ಉಳಿಯಿತು. ಈಗ ಅವಳಿಗೆ ಐವತ್ತು ದಾಟಿದೆ, ಬೆರಳ ತುದಿಗಳು ವಾರ್ನಿಶ್ ಕುಡಿದು ಕಂದು ಬಣ್ಣಕ್ಕೆ ತಿರುಗಿವೆ, ಚಾಳಿ ಮಾತ್ರ ಹಾಗೇ ಇದೆ. ಮದುವೆಯ ಮಾತು ಬಂದಾಗಲೂ "ಯಾಕೆ?" ಎಂದೇ ಕೇಳಿದ್ದಳು. ಯಾರೂ ಮನಸ್ಸಿಗೆ ಹಿಡಿಸುವ ಉತ್ತರ ಕೊಡಲಿಲ್ಲ, ಆ ವಿಷಯ ಅಲ್ಲಿಗೇ ಮುಗಿಯಿತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನರೇ ಲೋಕದಲ್ಲಿ ಹೆಚ್ಚು. ಅಂಥವರಿಗೆ ಯಾಕೆ ಎಂದು ಕೇಳುವವರನ್ನು ಕಂಡರೆ ಮೈಮೇಲೆ ಇರುವೆ ಹರಿದ ಹಾಗಾಗುತ್ತದೆ. ಆದರೆ ಹಳೆಯ ದೋಣಿಯ ಕೆಲಸಕ್ಕೆ ಈ ಚಾಳಿಯಷ್ಟು ಒಳ್ಳೆಯ ಹತಾರ ಇನ್ನೊಂದಿಲ್ಲ. ಒಂದು ದೋಣಿ ಮೂವತ್ತು ನಲವತ್ತು ವರ್ಷ ನೀರಿನ ಮೇಲಿತ್ತು ಎಂದರೆ ಅದರೊಳಗೆ ನಾಲ್ಕಾರು ಯಜಮಾನರು ಕೈಯಾಡಿಸಿರುತ್ತಾರೆ. ಒಬ್ಬ ಎಲ್ಲೋ ಒಂದು ತೂತು ಕೊರೆದಿರುತ್ತಾನೆ, ಇನ್ನೊಬ್ಬ ಎಲ್ಲೋ ಒಂದು ಹಲಗೆ ಬಡಿದಿರುತ್ತಾನೆ. ನೋಡಿದವರಿಗೆ ಅವೆಲ್ಲ ಹುಚ್ಚಾಟ. ಯಾಕಮ್ಮನ ಕಟ್ಟಳೆ ಏನೆಂದರೆ, ಹಿಂದಿನವರು ಯಾಕೆ ಮಾಡಿದರು ಎಂದು ಗೊತ್ತಾಗುವ ತನಕ ಒಂದು ಸ್ಕ್ರೂವನ್ನೂ ಬಿಚ್ಚಬಾರದು.

ಆ ಕಟ್ಟಳೆಯ ಬೆಲೆ ತಿಳಿಯಬೇಕಾದರೆ ಹಲ್ಲಿನ ಡಾಕ್ಟರನ್ನು ನೋಡಬೇಕು. ಬಹಳ ಒಳ್ಳೆಯ ಮನುಷ್ಯ, ಹಾಯಿದೋಣಿಯ ಹುಚ್ಚು ತಡವಾಗಿ ಹಿಡಿದಿತ್ತು. ಎರಡು ವರ್ಷದ ಹಿಂದೆ, ಒಳಗೆ ಮಲಗಿ, ಅಡುಗೆ ಮಾಡಿಕೊಂಡು, ತಿಂಗಳುಗಟ್ಟಲೆ ಪ್ರಯಾಣ ಮಾಡಬಹುದಾದ ಒಂದು ಹಳೆಯ ದೋಣಿಯನ್ನು ಕೊಂಡಿದ್ದರು. ಕೊಂಡ ತಕ್ಷಣ ಅವರ ಕಣ್ಣಿಗೆ ಬಿದ್ದದ್ದು ಆಸನಗಳ ಕೆಳಗಿನ ಪೆಟ್ಟಿಗೆಗಳಲ್ಲಿದ್ದ ಸಣ್ಣ ಸಣ್ಣ ತೂತುಗಳು. ತೂತು ಕಂಡರೆ ಸುಮ್ಮನಿರುವ ಕೈಯೇ ಅದು? ಬಿಳಿ ಮೇಣ ಕಲಸಿ, ದವಡೆ ಹಲ್ಲಿಗೆ ಸಿಮೆಂಟ್ ತುಂಬುವಷ್ಟೇ ನಾಜೂಕಾಗಿ, ಒಂದೂ ಬಿಡದೆ ತುಂಬಿಬಿಟ್ಟರು. ಒಳಗೆ ಸೋರಿದ ನೀರು ಹರಿದು ಪಂಪಿನ ಗುಂಡಿಗೆ ಸೇರಲೆಂದೇ ಇದ್ದ ತೂತುಗಳು ಅವು. ನೀರು ನಿಂತಲ್ಲೇ ನಿಂತು ಹಲಗೆ ಕೊಳೆಯಿತು. ಆ ಕೊಳೆತ ಹಲಗೆಯೇ ಡಾಕ್ಟರನ್ನು ಯಾಕಮ್ಮನ ಶೆಡ್ಡಿಗೆ ಕರೆತಂದದ್ದು. ಅಂದಿನಿಂದ ಅವರು ದೋಣಿಯೊಳಗೆ ಏನು ಮುಟ್ಟಬೇಕಾದರೂ ಒಮ್ಮೆ ಅವಳ ಮುಖ ನೋಡುತ್ತಾರೆ.

ಶೆಡ್ಡಿನ ಕೆಳಗಿನ ಭಾಗ ಯಾಕಮ್ಮನದು, ಅಟ್ಟ ಅವಳ ಅಕ್ಕನದು. ಅಕ್ಕ ಹಾಯಿ ಹೊಲಿಯುವವಳು. ಅಟ್ಟದ ಉದ್ದಕ್ಕೂ ನುಣ್ಣಗೆ ಸವೆದ ಮರದ ನೆಲ. ಅದರ ನಡುವೆ ಒಂದು ಚೌಕ ಗುಂಡಿ, ಗುಂಡಿಯೊಳಗೆ ಹೊಲಿಗೆ ಯಂತ್ರ. ಹಾಯಿ ಬಟ್ಟೆ ಭಾರ, ಎತ್ತಿ ಹಿಡಿದು ಹೊಲಿಯಲು ಆಗುವುದಿಲ್ಲ. ಅದಕ್ಕೇ ಬಟ್ಟೆಯನ್ನು ನೆಲದ ಮೇಲೆ ಹರಡಿ, ಹೊಲಿಯುವವಳೇ ಗುಂಡಿಗೆ ಇಳಿದು ಕೂರುವ ಏರ್ಪಾಡು. ಮೆಟ್ಟಿಲು ಹತ್ತಿ ಬಂದವರಿಗೆ ನೆಲದಿಂದ ಸೊಂಟದ ಮೇಲಷ್ಟೇ ಕಾಣುವ ಅಕ್ಕ ಗಾಬರಿ ಹುಟ್ಟಿಸುತ್ತಿದ್ದಳು. "ಹೆದರಬೇಡಿ, ಕಾಲಿವೆ," ಎನ್ನುವುದು ಅವಳ ಹಳೆಯ ನಗೆಮಾತು.

ಆ ನಗೆಮಾತನ್ನು ಅವಳು ಹೇಳದೆ ಬಹಳ ಕಾಲವಾಗಿತ್ತು. ಮಾತಿನ ಮಲ್ಲಿ ಅಕ್ಕ ಯಾಕೋ ತಣ್ಣಗಾಗಿಬಿಟ್ಟಿದ್ದಳು. ವಯಸ್ಸಾಯಿತಲ್ಲ ಎಂದುಕೊಂಡಳು ಯಾಕಮ್ಮ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ. ಊರ ದೋಣಿಗಳಿಗೆಲ್ಲ ಯಾಕೆ ಯಾಕೆ ಎಂದು ಕೇಳುವವಳು ಮನೆಯೊಳಗಿನ ಈ ಒಂದು ಯಾಕೆಯನ್ನು ಕೇಳಲಿಲ್ಲ. ಕೇಳದಿರುವುದಕ್ಕೆ ಅವಳಿಗೆ ತನ್ನದೇ ಒಂದು ಕಾರಣವೂ ಇತ್ತು.

ಅಕ್ಕನ ಹೊಲಿಗೆ ಕೆಟ್ಟಿತ್ತು. ನೂಲು ಹಿಡಿದು ಗೆರೆ ಎಳೆದಂತೆ ಓಡುತ್ತಿದ್ದ ಸಾಲು, ಒಂದು ದಿನ ಕುಡಿದವನ ನಡಿಗೆಯ ಹಾಗೆ ಅಂಚು ಬಿಟ್ಟು ಒಳಕ್ಕೆ ನುಗ್ಗಿದ್ದನ್ನು ಯಾಕಮ್ಮ ಕಂಡಳು. ಅಂಥ ಹಾಯಿಗೆ ನಡುನೀರಿನಲ್ಲಿ ಗಾಳಿ ಬಿದ್ದರೆ ಹೊಲಿಗೆ ಬಾಯಿ ಬಿಡುತ್ತದೆ. ಹೇಳಿದರೆ ಅಕ್ಕ ಅಂದೇ ಸೂಜಿ ಕೆಳಗಿಡುತ್ತಾಳೆ. ಅವಳ ಅಭಿಮಾನ ಅಂಥದ್ದು. ಹೇಳದಿದ್ದರೆ ಯಾರದೋ ಜೀವಕ್ಕೆ ಸಂಚಕಾರ. ಯಾಕಮ್ಮ ಮೂರನೆಯ ದಾರಿ ಹಿಡಿದಳು. ಮಧ್ಯಾಹ್ನ ಊಟವಾಗಿ ಅಕ್ಕ ಯಂತ್ರದ ಸದ್ದು ತಲುಪದ ಹಿಂದಿನ ಕೋಣೆಯಲ್ಲಿ ಒಂದು ಗಳಿಗೆ ಒರಗಿದಾಗ, ಬೆಕ್ಕಿನ ಹೆಜ್ಜೆಯಲ್ಲಿ ಅಟ್ಟ ಹತ್ತಿ, ಸೊಟ್ಟ ಸಾಲನ್ನು ಬಿಚ್ಚಿ, ಮಾವನಿಂದ ಕಲಿತ ಕೈಯಲ್ಲಿ ನೆಟ್ಟಗೆ ಹೊಲಿದು ಇಳಿಯುವಳು. ಹೀಗೇ ವರ್ಷದ ಮೇಲಾಯಿತು. ಅಕ್ಕನಿಗೆ ಗೊತ್ತಾಗದಿರಲಿ, ಅಷ್ಟೇ ಅವಳ ಪ್ರಾರ್ಥನೆ. ಈಗ ಅಟ್ಟದಲ್ಲಿ ಹರಡಿದ್ದದ್ದು ಹಲ್ಲಿನ ಡಾಕ್ಟರ ದೊಡ್ಡ ಹಾಯಿ.

ಡಾಕ್ಟರ ದೋಣಿಗೆ ಇನ್ನೊಂದು ರೋಗವಿತ್ತು. ಅದು ಎಡಕ್ಕೆ ವಾಲುತ್ತಿತ್ತು. ಗಾಳಿ ಹಿಡಿದಾಗ ಯಾವ ದೋಣಿಯಾದರೂ ವಾಲುತ್ತದೆ, ಅದರಲ್ಲೇನೂ ವಿಶೇಷವಿಲ್ಲ. ಇದು ಗಾಳಿಯಿಲ್ಲದೆ, ಅಲೆಯಿಲ್ಲದೆ, ಲಂಗರು ಹಾಕಿ ನಿಂತಾಗಲೂ ಎಡಕ್ಕೇ. ಕಪ್ಪಿನಲ್ಲಿ ಕಾಫಿ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಕಪಾಟಿನ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಡಾಕ್ಟರ ಹೆಂಡತಿ ಒಂದು ರಾತ್ರಿ ಅದರಲ್ಲಿ ಮಲಗಿ, ಮಂಚದಿಂದ ಉರುಳಿ, "ಇದು ನೆಟ್ಟಗಾಗೋ ತನಕ ನಾನು ಇದಕ್ಕೆ ಕಾಲಿಡಲ್ಲ," ಎಂದು ಹೇಳಿ ಇಳಿದುಬಿಟ್ಟರು.

"ಕೊಳ್ಳೋ ದಿನ ನೆಟ್ಟಗೇ ಇತ್ತು," ಎಂದರು ಡಾಕ್ಟರು. "ನಾನೇ ಕಣ್ಣಾರೆ ನೋಡಿದೀನಿ. ಸಾಮಾನೆಲ್ಲ ಇಳಿಸಿದ್ದಾಯ್ತು, ಬಲಕ್ಕೆ ಇಟ್ಟಿದ್ದಾಯ್ತು. ಒಂದಷ್ಟು ಕಬ್ಬಿಣ ಬಲಗಡೆ ಹಾಕಿಬಿಡೋಣ್ವಾ? ಸರಿಹೋಗುತ್ತೆ."

"ಹಳೇ ದೋಣಿಗಳು ದಪ್ಪ ಆಗೋದೇ ಹಾಗೆ," ಎಂದಳು ಯಾಕಮ್ಮ. "ಒಬ್ಬ ಎಡಕ್ಕೆ ಭಾರ ಹಾಕ್ತಾನೆ, ಇನ್ನೊಬ್ಬ ಅದನ್ನ ಸರಿ ಮಾಡೋಕೆ ಬಲಕ್ಕೆ ಹಾಕ್ತಾನೆ. ಕೊನೆಗೆ ದೋಣಿ ಮುಳುಗೋಕೆ ನೀರೊಂದೇ ಬಾಕಿ. ಮೊದಲು ಯಾಕೆ ವಾಲುತ್ತೆ ನೋಡೋಣ."

ದೋಣಿಯನ್ನು ಕ್ರೇನಿನಿಂದ ಎತ್ತಿ ಯಾರ್ಡಿನ ಒಣನೆಲದಲ್ಲಿ ನಿಲ್ಲಿಸಿದರು. ನೀರು ಮುಟ್ಟುವ ಮಟ್ಟದಲ್ಲಿ ಹೊಟ್ಟೆಯ ಸುತ್ತ ಒಂದು ಬಣ್ಣದ ಗೆರೆ ಇರುತ್ತದೆ. ಈ ದೋಣಿಯ ಗೆರೆ ಎಡಗಡೆ ಎರಡು ಬೆರಳು ಮೇಲೆ, ಬಲಗಡೆ ಎರಡು ಬೆರಳು ಕೆಳಗೆ. ವಾಲಿ ನಿಂತ ನೀರಿನ ಮಟ್ಟಕ್ಕೇ ಡಾಕ್ಟರು ಬಳಿದದ್ದು, ಮೂಗು ಸೊಟ್ಟಗಿದೆ ಎಂದು ಮೀಸೆಯನ್ನೂ ಸೊಟ್ಟಗೆ ಬಿಟ್ಟ ಹಾಗೆ. ಯಾಕಮ್ಮ ಬಣ್ಣ ಕೆರೆಯುತ್ತ ಹೋದಳು. ಡಾಕ್ಟರ ನೀಲಿಯ ಕೆಳಗೆ ಒಂದು ಹಸಿರು ಗೆರೆ ಸಿಕ್ಕಿತು. ಅದು ಹಿಂದಿನ ಯಜಮಾನರದು. ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿದಳು. ಹಸಿರು ಗೆರೆ ಎರಡೂ ಕಡೆ ಒಂದೇ ಎತ್ತರ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಂದರೆ ಹಿಂದಿನವರ ಕೈಯಲ್ಲಿದ್ದಾಗ ದೋಣಿ ನೆಟ್ಟಗೇ ತೇಲುತ್ತಿತ್ತು. ಡಾಕ್ಟರಾದರೋ ಬಂದ ಮೇಲೆ ಭಾರದ್ದೇನನ್ನೂ ಸೇರಿಸಿಲ್ಲ. ಯಾಕಮ್ಮನಿಗೆ ಖುಷಿಯೋ ಖುಷಿ. ಇಂಥ ಗಂಟು ಸಿಕ್ಕಿದ ದಿನ ಅವಳಿಗೆ ಊಟವೂ ಬೇಕಾಗುವುದಿಲ್ಲ.

ದೋಣಿಯೊಳಗೆ ಹೊಕ್ಕು ಎಡಗಡೆಯ ಒಂದೊಂದೇ ಹಲಗೆ ಎತ್ತಿ, ಟಾರ್ಚ್ ಬಿಟ್ಟು, ಬೆರಳ ಗೆಣ್ಣಿನಿಂದ ತಟ್ಟುತ್ತ ಬಂದಳು. ಎಡ ಮಂಚದ ಕೆಳಗೆ, ನೀರಿನ ಟ್ಯಾಂಕಿನ ಹಿಂದೆ, ತಟ್ಟಿದ ಸದ್ದು ಬದಲಾಯಿತು. ಗೋಡೆಯ ಬಾಗಿಗೆ ಸರಿಯಾಗಿ ಎರಕ ಹೊಯ್ದು ಕೂರಿಸಿದ ಸೀಸದ ಗಟ್ಟಿಗಳು. ಮೇಲೆ ಫೈಬರಿನ ಹೊದಿಕೆ, ಅದರ ಮೇಲೆ ದೋಣಿಯ ಒಳಗೋಡೆಯದೇ ಬಣ್ಣ, ಅಂಚುಗಳನ್ನು ಉಜ್ಜಿ ಮೊಂಡು ಮಾಡಿ ಎಷ್ಟು ಚೆನ್ನಾಗಿ ಮುಚ್ಚಿದ್ದರೆಂದರೆ ಅದು ದೋಣಿಯ ಮೈಯೇ ಅನ್ನಬೇಕು. ಯಾರೂ ನೋಡದ ಜಾಗದಲ್ಲಿ ಇಷ್ಟು ಅಂದವಾಗಿ ಕೆಲಸ ಮಾಡುವವರು ಯಾರು? ಏನನ್ನೋ ಮುಚ್ಚಿಡಬೇಕಾದವರು ಮಾತ್ರ.

"ಸಿಕ್ಕಿತಲ್ಲ, ಕಿತ್ತು ಬಿಸಾಕಿ," ಎಂದರು ಡಾಕ್ಟರು. ಕೀಳುವ ಮಾತು ಬಂದರೆ ಅವರ ಮುಖ ಅರಳುತ್ತದೆ.

"ಯಾಕೆ ಇಟ್ಟರು ಗೊತ್ತಾಗಲಿ, ಆಮೇಲೆ," ಎಂದು ಯಾಕಮ್ಮ ಕೈ ಒರೆಸಿಕೊಂಡು ಹೊರಟಳು.

ಹಿಂದಿನ ಯಜಮಾನ ಬಸ್ ಡ್ರೈವರ್ ಆಗಿದ್ದವರು, ಹೆಂಡತಿ ಲೆಕ್ಕದ ಟೀಚರ್. ಇಬ್ಬರೂ ನಿವೃತ್ತರಾಗಿ, ವರ್ಷಾನುಗಟ್ಟಲೆ ಆ ದೋಣಿಯಲ್ಲಿ ಸುತ್ತಾಡಿ, ಮಂಡಿ ನೋವು ಬಂದ ಮೇಲೆ ಮಾರಿದ್ದರು. ಯಾರ್ಡಿನಿಂದ ಎರಡು ಬೀದಿ ಆಚೆ, ಸೈಕಲ್ ಅಂಗಡಿಯ ಮಗ್ಗುಲಲ್ಲಿ ಅವರ ಮನೆ. ಮುಂದಿನ ಕೋಣೆಯಲ್ಲಿ ಕಿಟಕಿಯ ಬಳಿ ಒಂದು ಮೇಜು, ಮೇಜಿನ ಬಲಗಡೆಯ ಕುರ್ಚಿಯಲ್ಲಿ ಟೀಚರ್. ಆಳು ದೊಡ್ಡವರು, ದನಿ ಅದಕ್ಕಿಂತ ದೊಡ್ಡದು. ಡ್ರೈವರು ಕಡ್ಡಿಯಂತೆ ಸಣ್ಣಗೆ, ಬಾಗಿಲ ಹಿಡಿಕೆ ಹಿಡಿದೇ ನಿಂತಿದ್ದರು.

ಯಾಕಮ್ಮನಿಗೆ ಪೀಠಿಕೆ ಹಾಕಿ ಅಭ್ಯಾಸವಿಲ್ಲ. "ಎಡ ಮಂಚದ ಕೆಳಗೆ ಸೀಸ ಸಿಕ್ತು. ಯಾಕೆ ಇಟ್ಟಿದ್ರಿ?" ಎಂದಳು.

ಡ್ರೈವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹೆಂಡತಿಯ ಬೆನ್ನ ಹಿಂದಿನಿಂದ ಬೇಡ ಬೇಡ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು. ಬಿಟ್ಟ ಬಾಣ ವಾಪಸು ಬರುತ್ತದೆಯೇ?

"ಯಾವ ಸೀಸ?" ಎಂದರು ಟೀಚರ್.

ಡ್ರೈವರು ಕೆಮ್ಮಿದರು, ಕಿಟಕಿ ನೋಡಿದರು, ಕೊನೆಗೆ ಬಾಯಿ ಬಿಟ್ಟರು. ನಕ್ಷೆ ನೋಡಿ ದಾರಿ ಹೇಳುವ ಕೆಲಸ ಟೀಚರದು, ಅದರ ಮೇಜು ದೋಣಿಯ ಬಲಗೋಡೆಗೆ ಅಂಟಿಕೊಂಡಿತ್ತು. ಮೊದಲ ಪ್ರಯಾಣದಲ್ಲಿ ಅವರು ಅಲ್ಲಿ ಕೂತ ಕೂಡಲೇ ದೋಣಿ ಬಲಕ್ಕೆ ವಾಲಿತು. ಪಕ್ಕದ ದೋಣಿಯ ಯಾರೋ ನಕ್ಕರು. "ನಿನಗೆ ಬೇಜಾರಾಗುತ್ತೆ ಅಂತ, ನೀನು ಊರಿಗೆ ಹೋಗಿದ್ದಾಗ... ಎಡಕ್ಕೆ ಸ್ವಲ್ಪ ಹಾಕ್ದೆ. ನೀನು ಕೂತಾಗ ನೆಟ್ಟಗಿರಲಿ ಅಂತ."

ದೋಣಿ ಕೊಳ್ಳಲು ಡಾಕ್ಟರು ಬಂದ ದಿನ ಟೀಚರ್ ಅದೇ ಜಾಗದಲ್ಲಿ ಕೂತು ನಕ್ಷೆಗಳನ್ನು ಒಪ್ಪಿಸುತ್ತಿದ್ದರಂತೆ. ಯಾಕಮ್ಮನ ತಲೆಯಲ್ಲಿ ಗಂಟು ಬಿಚ್ಚಿಕೊಂಡಿತು. ಅವಳಿಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಆದರೆ ಟೀಚರ ಮುಖ ನೋಡಿ ಕೈ ಕೆಳಗಿಳಿಸಿದಳು. ಅವರು ಮೇಜಿನ ಮೇಲಿನ ಪೆನ್ಸಿಲನ್ನು ಹಿಂದಕ್ಕೆ ಮುಂದಕ್ಕೆ ಉರುಳಿಸುತ್ತಿದ್ದರು.

"ನಾನು ಎದ್ರೆ ದೋಣಿ ಎಡಕ್ಕೆ ವಾಲೋದು," ಎಂದರು. "ಪೆನ್ಸಿಲ್ ಉರುಳಿ ಕೆಳಗೆ ಬೀಳೋದು. ನಾನು ಕೂತ್ರೆ ಸರಿಯಾಗೋದು. ದೋಣಿ ಕಟ್ಟಿರೋದೇ ಹೀಗೆ, ನಾನಿಲ್ಲಿ ಕೂತಿರಲೇಬೇಕು ಅನ್ಕೊಂಡೆ. ಮೀನು ಹಾರ್ತಿದೆ ಬಾ ಅಂತ ನೀವು ಮೇಲಿಂದ ಕೂಗ್ತಿದ್ರಿ. ನಾನು ಬರ್ತಿರಲಿಲ್ಲ."

"ನಿನಗೆ ಇಷ್ಟ ಇಲ್ಲ ಅನ್ಕೊಂಡೆ," ಎಂದರು ಡ್ರೈವರು.

"ಯಾರಿಗೆ ಇಷ್ಟ ಇರಲ್ಲ ರೀ?"

ಟೀಚರ್ ಪೆನ್ಸಿಲನ್ನು ಅಂಗೈಯಿಂದ ತಡೆದು ನಿಲ್ಲಿಸಿದರು. "ಎಷ್ಟು ಕಿಲೋ ಹಾಕಿದ್ರಿ?" ಎಂದರು. ಗಂಡ ಹೇಳಿದರು. "ನಾನು ಆಗ ಅಷ್ಟು ಇರಲಿಲ್ಲ," ಎಂದರು ಟೀಚರ್. ಮತ್ತೆ ಪೆನ್ಸಿಲ್ ನೋಡುತ್ತ, "ಒಂದು ಮಾತು ಹೇಳಿದ್ರೆ ಆ ಮೇಜನ್ನ ನಡುವಿಗೆ ಹಾಕ್ಕೋಬಹುದಿತ್ತು. ಅಷ್ಟೇ ಇತ್ತು ಕೆಲಸ," ಎಂದರು.

ಯಾಕಮ್ಮ ಬೀದಿಗೆ ಇಳಿದಳು. ಉತ್ತರ ಸಿಕ್ಕಿದ ದಿನ ಅವಳು ಸಾಮಾನ್ಯವಾಗಿ ಕುಣಿಯುತ್ತ ಬರುವವಳು. ಅಂದು ಮೆಲ್ಲಗೆ ನಡೆದಳು. ಹೆಂಡತಿಯ ಮರ್ಯಾದೆ ಉಳಿಸಲು ಆ ಮನುಷ್ಯ ಗುಟ್ಟಾಗಿ ಒಂದು ಭಾರ ಇಟ್ಟ. ಆ ಭಾರ ಅವಳನ್ನು ವರ್ಷಗಟ್ಟಲೆ ಕುರ್ಚಿಗೆ ಕಟ್ಟಿಹಾಕಿತು. ತನ್ನ ಮಧ್ಯಾಹ್ನದ ಬೆಕ್ಕಿನ ಹೆಜ್ಜೆ ನೆನಪಾಗಿ ಯಾಕಮ್ಮ ಬೀದಿಯ ನಡುವೆಯೇ ನಿಂತಳು. ಅಕ್ಕ ಯಾಕೆ ಮಾತು ಬಿಟ್ಟಳು? ಈ ಪ್ರಶ್ನೆಯನ್ನು ಅವಳು ಅಂದು ಮೊದಲ ಸಲ ತನಗೇ ಕೇಳಿಕೊಂಡಳು.

ಅಟ್ಟ ಹತ್ತಿದಾಗ ಅಕ್ಕ ಗುಂಡಿಯಲ್ಲಿ ಕೂತಿದ್ದಳು. ಯಂತ್ರ ನಿಂತಿತ್ತು. ಡಾಕ್ಟರ ಹಾಯಿಯ ಅಂಚನ್ನು ಮಡಿಲಿಗೆ ಎಳೆದುಕೊಂಡು, ಕಣ್ಣು ಮುಚ್ಚಿ, ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಳು. ಯಾಕಮ್ಮ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು.

"ಅಕ್ಕ, ನೀನು ಯಾಕೆ ಮಾತಾಡ್ತಿಲ್ಲ ಈಚೆಗೆ?"

ಅಕ್ಕನ ಬೆರಳು ಹೊಲಿಗೆಯ ಮೇಲೆ ನಿಂತಿತು. ಆಮೇಲೆ, "ನಗಬೇಡ. ನನಗೆ ಮರುಳು ಹಿಡೀತಿದೆ ಕಣೇ," ಎಂದಳು. "ಬೆಳಿಗ್ಗೆ ಹೊಲೀತೀನಿ. ಕಣ್ಣಿಗೆಲ್ಲ ಮಂಜು. ಸಾಲು ಸೊಟ್ಟಗೆ ಹೋಗ್ತಿದೆ ಅಂತ ಗೊತ್ತಾಗುತ್ತೆ, ಕೈಗೂ ಗೊತ್ತಾಗುತ್ತೆ. ಸಂಜೆ ಬಂದು ಮುಟ್ಟಿದ್ರೆ ನೆಟ್ಟಗಿರುತ್ತೆ, ನೋಡು, ಹೀಗೆ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂತ ಎಷ್ಟೋ ಸಲ ಹೊರಟೆ. ಹೊಲಿಗೆ ಸರಿಯಾಗಿದೆ ಅಂದ್ರೆ ಕಣ್ಣು ಸರಿಯಾಗೇ ಇರಬೇಕಲ್ಲ. ಕೆಟ್ಟಿರೋದು ತಲೆ. ಅದನ್ನ ಯಾರ ಹತ್ತಿರ ಹೇಳ್ಕೊಳ್ಳಲಿ? ಬಾಯಿ ಬಿಟ್ಟರೆ ಏನು ಬಡಬಡಿಸ್ತೀನೋ ಅಂತ ಬಾಯೇ ಮುಚ್ಚಿಕೊಂಡೆ."

ಯಾಕಮ್ಮನಿಗೆ ಆ ಗುಂಡಿಯೊಳಗೆ ತಾನೇ ಇಳಿದುಹೋಗಬೇಕು ಅನ್ನಿಸಿತು. ಅಕ್ಕನ ಕೈ ಹಿಡಿದು, ಹೊಲಿಗೆಯ ಪಕ್ಕದ ಬಟ್ಟೆಯ ಮೇಲೆ ಅವಳ ಬೆರಳನ್ನು ಮೆಲ್ಲಗೆ ಎಳೆದಳು. ಬಿಚ್ಚಿದ ಸಾಲಿನ ಹಳೆಯ ಸೂಜಿತೂತುಗಳು ಅಲ್ಲಿ ಒಂದರ ಹಿಂದೆ ಒಂದು ಬೆರಳಿಗೆ ಸಿಕ್ಕಿದವು. ಸೊಟ್ಟಗೆ, ಅಂಚು ಬಿಟ್ಟು ಒಳಕ್ಕೆ ಹೋಗುವ ಸಾಲು.

"ಇದು ನಿಂದು," ಎಂದಳು. "ಆ ನೆಟ್ಟಗಿರೋದು ನಂದು. ನಿನ್ನ ತಲೆಗೆ ಏನೂ ಆಗಿಲ್ಲ ಅಕ್ಕ. ನೀನು ಮಲಗಿದಾಗ ನಾನು ಬಂದು ಹೊಲೀತಿದ್ದೆ."

ಅಕ್ಕನ ಬೆರಳು ಆ ತೂತುಗಳ ಮೇಲೆ ಕೊನೆಯ ತನಕ ಹೋಗಿ, ವಾಪಸು ಬಂತು.

"ಯಾಕೆ?" ಎಂದಳು ಅಕ್ಕ.

ಯಾಕಮ್ಮ ಜನ್ಮವಿಡೀ ಬೇರೆಯವರ ಮೇಲೆ ಎಸೆದ ಮಾತು ಈಗ ಅವಳಿಗೇ ತಿರುಗಿ ಬಂದಿತ್ತು. ನಿನ್ನ ಅಭಿಮಾನಕ್ಕೆ ನೋವಾಗಬಾರದು ಅಂತ ಎನ್ನಬಹುದಿತ್ತು. ಅದು ಅರ್ಧ ಸತ್ಯ. "ನೀನು ಸೂಜಿ ಬಿಟ್ಟರೆ ಶೆಡ್ಡು ಮುಚ್ಚಬೇಕಾಗುತ್ತೆ ಅನ್ಕೊಂಡೆ," ಎಂದಳು ಕೊನೆಗೆ. "ಈ ಅಟ್ಟದಲ್ಲಿ ಯಂತ್ರದ ಸದ್ದಿಲ್ಲದೆ ಕೆಳಗೆ ನಾನೊಬ್ಬಳೇ ಕೆಲಸ ಮಾಡೋದು ನನ್ನ ಕೈಲಾಗಲ್ಲ. ಹೆದರಿಕೆ ಆಯ್ತು."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಯಾಕಮ್ಮನಿಗೆ ಹಗುರಾಗುತ್ತಿತ್ತು. ಅವಳು ಕತ್ತರಿ ಕೇಳಿ, ಮಡಿಲಲ್ಲಿದ್ದ ಅಂಚನ್ನು ಎರಡೂ ಸಾಲಿನ ಆಚೆಯಿಂದ ಕತ್ತರಿಸಿ ತೆಗೆದಳು. "ಇಷ್ಟು ತೂತು ಬಿದ್ದ ಬಟ್ಟೆ ಗಾಳಿ ತಡೆಯಲ್ಲ. ಒಂದು ಸಲ ಬಿಚ್ಚಿದ ಸಾಲಿನ ಪಕ್ಕ ಇನ್ನೊಂದು ಹೊಲಿದ್ರೆ ಅಲ್ಲೇ ಹರಿಯುತ್ತೆ. ಮಾವ ಹೇಳಿಕೊಟ್ಟಿರಲಿಲ್ವಾ ನಿನಗೆ?" ಎಂದಳು. "ಹೀಗೆ ಹೊಲಿದು ಕಳಿಸಿದ ಹಾಯಿಗಳನ್ನೆಲ್ಲ ವಾಪಸು ತರಿಸು."

ವಾರದ ಕೊನೆಗೆ ಡಾಕ್ಟರ ದೋಣಿ ಸೀಸ ಕಳೆದುಕೊಂಡು ನೀರಿಗಿಳಿಯಿತು. ಕಪ್ಪಿನ ಕಾಫಿ ನೆಟ್ಟಗೆ ನಿಂತಿತು, ಕಪಾಟಿನ ಬಾಗಿಲು ಮುಚ್ಚಿದಲ್ಲೇ ಇತ್ತು. ದೊಡ್ಡ ಹಾಯಿ ಇನ್ನೂ ಅಟ್ಟದಲ್ಲೇ ಇತ್ತು, ಸಣ್ಣ ಹಾಯಿಯಲ್ಲೇ ಹೊರಟ ಮೊದಲ ಸುತ್ತಿಗೆ ಟೀಚರನ್ನೂ ಡ್ರೈವರನ್ನೂ ಕರೆದಿದ್ದರು. ಟೀಚರ್ ಒಳಗೆ ಮೇಜಿನ ಬಳಿ ಇಳಿಯಲೇ ಇಲ್ಲವಂತೆ, ಮಂಡಿ ನೋವನ್ನೂ ಲೆಕ್ಕಿಸದೆ ಹಾಯಿಕಂಬಕ್ಕೆ ಒರಗಿ ನೀರು ನೋಡುತ್ತ ನಿಂತಿದ್ದರಂತೆ. ಯಾಕಮ್ಮ ಆ ದಿನ ದಡದಲ್ಲಿರಲಿಲ್ಲ. ಅಕ್ಕನ ಕೈ ಹಿಡಿದು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು.

ಕಣ್ಣಿನ ಡಾಕ್ಟರು ವಯಸ್ಸಾದ ಹೆಂಗಸು, ನಿಧಾನವಾಗಿ ಮಾತಾಡುವವರು. ಬಲಗಣ್ಣಿಗೆ ಬರೀ ಪೊರೆ, ತೆಗೆದರೆ ಕಾಣಿಸುತ್ತದೆ. ಎಡಗಣ್ಣಿನಲ್ಲಿ ಪೊರೆಯ ಹಿಂದೆ ನರವೂ ಒಣಗಿದೆ, ಅದು ತಿರುಗಿ ಬರುವುದಿಲ್ಲ, ವರ್ಷದ ಹಿಂದೆಯೇ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಯಾಕಮ್ಮ ನೆಲ ನೋಡುತ್ತಿದ್ದಳು.

"ಇಷ್ಟು ದಿನ ಯಾಕೆ ಸುಮ್ಮನಿದ್ರಿ?" ಎಂದು ಕೇಳಿದರು ಡಾಕ್ಟರು.

ಯಾಕಮ್ಮ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅವಳ ಕೈಯನ್ನು ಒತ್ತಿ ಹಿಡಿದಳು.

"ನನ್ನ ಹೊಲಿಗೆ ನೆಟ್ಟಗೇ ಇತ್ತು ಡಾಕ್ಟ್ರೇ," ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ, ಅವರು ಆಪರೇಷನ್ನಿನ ಚೀಟಿ ಬರೆಯತೊಡಗಿದರು.